ಕಿತ್ತಳೆ ಮರಕ್ಕೆ ಬಿಟ್ಟ ಕಿಂಡಿ

ಇದನ್ನು ಬರೆಯುವುದನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮುಂದೂಡಿದ್ದೇನೆ. ಮಳೆಗಾಲ ಕಳೆಯಲಿ ಎಂದೆ, ಮಗಳ ಮದುವೆ ಮುಗಿಯಲಿ ಎಂದೆ, ಮಂಡಿಯ ಆಪರೇಷನ್ ಆಗಲಿ ಎಂದೆ. ಕಳೆದ ತಿಂಗಳು ಮಂಚದಡಿಯ ಪೆಟ್ಟಿಗೆಯಿಂದ ನನ್ನ ಚಿಕ್ಕ ಸುತ್ತಿಗೆಯನ್ನು ಹೊರಗೆ ತೆಗೆಯಬೇಕಾಯಿತು. ಅದರ ಹಿಡಿ ಕೈಗೆ ಸೋಕಿದ ಮೇಲೆ ಇನ್ನು ಯಾವ ನೆಪವೂ ಉಳಿಯಲಿಲ್ಲ.

ನಾನು ಮಡಿಕೇರಿಯಲ್ಲಿ ಮೇಸ್ತ್ರಿಯಾಗಿದ್ದವನು. ಆ ಸುತ್ತಿಗೆ ಒಡೆಯುವುದಕ್ಕಲ್ಲ, ಕೇಳುವುದಕ್ಕೆ. ಹಳೆಯ ತಾರಸಿ ಉಳಿಯುತ್ತದೋ ಇಲ್ಲವೋ ಎಂದು ತಿಳಿಯಲು ಅದರ ಕೆಳಗೆ ನಿಂತು ಅಡಿಗೊಮ್ಮೆ ತಟ್ಟುತ್ತ ಹೋಗಬೇಕು. ಗಟ್ಟಿ ಇದ್ದಲ್ಲಿ ಕಣ್ ಎನ್ನುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಬಿಟ್ಟುಕೊಂಡಲ್ಲಿ ಡಬ್ ಎನ್ನುತ್ತದೆ. ಇಷ್ಟೇ ವಿದ್ಯೆ. ಆದರೆ ನಮ್ಮೂರಿನಲ್ಲಿ ಆ ಎರಡು ಸದ್ದುಗಳ ಮೇಲೆ ಮನೆಗಳು ಉಳಿಯುತ್ತಿದ್ದವು, ಉರುಳುತ್ತಿದ್ದವು.

ಪೇಟೆಯಿಂದ ಸ್ವಲ್ಪ ಹೊರಗೆ, ಗುಡ್ಡದ ಬದಿಯ ಬಡಾವಣೆಯಲ್ಲಿ ಒಂದೇ ಬಗೆಯ ಆರು ಮನೆಗಳಿದ್ದವು. ನಾನು ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಕಟ್ಟಿದವು. ಹೆಂಚಿನ ಮಾಡುಗಳ ಊರಿನಲ್ಲಿ ಚಪ್ಪಟೆ ತಾರಸಿ ಕಂಡು ಜನ ‘ಶಾಲೆ ಕಟ್ಟಡ’ ಎಂದು ನಗುತ್ತಿದ್ದರಂತೆ. ಮೂಲೆಯಲ್ಲಿ ಕಂಬವೇ ಇಲ್ಲದೆ ಎರಡು ಗೋಡೆಗಳಿಗೂ ತಿರುಗಿಕೊಂಡ ಕಿಟಕಿ, ಸಿಮೆಂಟಿನ ಜಾಲಿ, ಕಪ್ಪು ಅಂಚಿನ ಕೆಂಪು ನೆಲ. ಒಂದು ಮನೆಗೆ ಮಾತ್ರ ಇನ್ನೊಂದು ವಿಶೇಷವಿತ್ತು. ಅಲ್ಲಿದ್ದ ಕಿತ್ತಳೆ ಮರವನ್ನು ಕಡಿಯಲು ಮನಸ್ಸಾಗದೆ ಕಟ್ಟಿಸಿದವರು ಪೋರ್ಟಿಕೋದ ತಾರಸಿಯಲ್ಲಿ ದುಂಡಗಿನ ಕಿಂಡಿ ಬಿಟ್ಟಿದ್ದರು. ಮರ ಅದರೊಳಗಿಂದ ಮೇಲೆದ್ದು ತಾರಸಿಯ ಮೇಲೆ ಕೊಂಬೆ ಚಾಚಿತ್ತು.

ಅದು ನಮ್ಮ ಡ್ರಾಯಿಂಗ್ ಟೀಚರ ಮನೆ. ಕಟ್ಟಿಸಿದವರು ಅವರ ತಂದೆ. ಹೈಸ್ಕೂಲಿನಲ್ಲಿ ಸ್ಕೇಲಿಲ್ಲದೆ ನೇರ ಗೆರೆ ಎಳೆಯಲು ನನಗೆ ಕಲಿಸಿದ್ದು ಟೀಚರೇ. “ಕೈ ನೋಡ್ಬೇಡ, ಗೆರೆ ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡು” ಎನ್ನುತ್ತಿದ್ದರು. ಆ ಒಂದು ಮಾತೇ ಮುಂದೆ ಗೋಡೆ ಕಟ್ಟುವಾಗ ನನಗೆ ಅನ್ನ ಕೊಟ್ಟಿತು.

ಅಕ್ಕಪಕ್ಕದವರೆಲ್ಲ ಮಳೆಗೆ ಹೆದರಿ ತಾರಸಿಯ ಮೇಲೆ ಶೀಟು ಹೊದಿಸಿದರೂ ಟೀಚರು ಹೊದಿಸಲಿಲ್ಲ. ಹೊದಿಸಿದರೆ ಕಿಂಡಿ ಮುಚ್ಚಬೇಕು, ಮರ ಕಡಿಯಬೇಕು. ಅವರು ನಿವೃತ್ತರಾದ ಮೇಲೆ ಒಂದು ಮಳೆಗಾಲ ನಡುಮನೆಯ ಗೋಡೆ ಒದ್ದೆಯಾಯಿತು. ಮನೆಯಲ್ಲಿ ಪಾಲಿದ್ದ ಅವರ ತಮ್ಮನಿಗೆ ಅಷ್ಟೇ ಸಾಕಿತ್ತು. ಕೆಡವಿ ಹೋಂಸ್ಟೇ ಕಟ್ಟಬೇಕೆಂದು ಅವರಿಗೆ ಬಹಳ ದಿನದ ಆಸೆ. ಟೀಚರು ಒಪ್ಪಿರಲಿಲ್ಲ. ಕೊನೆಗೆ ಅಕ್ಕ ತಮ್ಮ ಒಂದು ಮಾತಿಗೆ ಬಂದರು: ಮೇಸ್ತ್ರಿ ತಟ್ಟಿ ನೋಡಲಿ, ಅವನು ಹೇಳಿದಂತೆ ಆಗಲಿ.

ತಟ್ಟಿ ನೋಡಲು ಹೋಗುವ ದಾರಿಯಲ್ಲಿ ಟೀಚರ ತಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು, “ಹೊಸದು ಕಟ್ಟಿದ್ರೆ ನೀನೇ ಮಾರಾಯ. ಮೂರು ಮಾಳಿಗೆ” ಎಂದರು. ಅಷ್ಟರವರೆಗೆ ನಾನು ಒಂದು ಮಾಳಿಗೆಯನ್ನು ದಾಟಿದವನಲ್ಲ...

ನಡುಮನೆಯಿಂದ ಪೋರ್ಟಿಕೋವರೆಗೆ ತಟ್ಟಿದೆ. ಎಲ್ಲ ಕಡೆಯೂ ಕಣ್, ಕಣ್. ಏಣಿ ಹಾಕಿ ಮೇಲೆ ಹತ್ತಿದೆ. ಮಳೆನೀರು ಇಳಿಯುವ ಪೈಪಿನ ಬಾಯಿಯಲ್ಲಿ ಕಿತ್ತಳೆ ಎಲೆಗಳು ಕೊಳೆತು ಬಿಗಿದುಕೊಂಡಿದ್ದವು, ಮೇಲೆ ನೀರು ನಿಂತಿತ್ತು. ಗೋಡೆ ಒದ್ದೆಯಾದದ್ದಕ್ಕೆ ಕಾರಣ ಅದೇ. ಒಂದು ಹಿಡಿ ಎಲೆ ಹೊರಗೆಳೆದೆ. ನೀರು ಗುಳುಗುಳು ಎಂದು ಇಳಿಯತೊಡಗಿತು. ಕೆಳಗಿನವರಿಗೆ ಕೇಳಿಸೀತೆಂದು ಹೆದರಿ ಆ ಎಲೆಗಳನ್ನು ಮತ್ತೆ ಪೈಪಿನೊಳಕ್ಕೇ ತುರುಕಿದೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೆಳಗಿಳಿದೆ.

“ಡಬ್ ಅಂತದೆ ಟೀಚರೇ. ಒಳಗೆಲ್ಲ ಟೊಳ್ಳು. ಇನ್ನೊಂದು ಮಳೆಗಾಲ ತಡೆಯೂದಿಲ್ಲ.”

“ನಂಗೆ ಕಣ್ ಅಂತ ಕೇಳ್ತಲ್ಲ?”

“ನಿಮಗೆ ಹಾಗೆ ಕೇಳ್ತದೆ. ನಮ್ಮ ಕಿವಿ ಬೇರೆ.”

“ಆಯ್ತಪ್ಪ. ಗೆರೆ ಎಳೆಯೂದು ನಾನು ಕಲಿಸಿದ್ದು, ಕಿವಿ ನಿಂದು” ಎಂದು ಟೀಚರು ಒಳಗೆ ಹೋದರು.

ಕೆಡವಲು ಮೂರು ದಿನ ಸಾಕೆಂದಿದ್ದೆ. ಎರಡು ವಾರ ಹಿಡಿಯಿತು. ದೊಡ್ಡ ಸುತ್ತಿಗೆಯ ಹೊಡೆತಕ್ಕೂ ಸ್ಲ್ಯಾಬು ಜಗ್ಗುತ್ತಿರಲಿಲ್ಲ. ಒಡೆದಲ್ಲೆಲ್ಲ ಕಬ್ಬಿಣದ ಸಲಾಕೆಗಳು ಅಂಗಡಿಯಿಂದ ನಿನ್ನೆ ತಂದಂತೆ ನೀಲಿಯಾಗಿ ಹೊಳೆಯುತ್ತಿದ್ದವು. ಮರವನ್ನು ಮೊದಲ ದಿನವೇ ಕಡಿಸಿದ್ದೆ. ಟೀಚರು ಎದುರು ಮನೆಯ ಮೆಟ್ಟಿಲಲ್ಲಿ ಕೂತು ದಿನವೂ ನೋಡುತ್ತಿದ್ದರು. ಒಂದು ದಿನ ಎದ್ದು ಬಂದು ಒಂದು ಸಲಾಕೆಯ ಮೇಲೆ ಬೆರಳಾಡಿಸಿ, ಬೆರಳನ್ನು ತಿರುಗಿಸಿ ನೋಡಿದರು. ತುಕ್ಕು ಅಂಟಿರಲಿಲ್ಲ.

“ಟೊಳ್ಳು ಸ್ಲ್ಯಾಬು ಭಾರೀ ಹಟ ಮಾಡ್ತದಲ್ಲ” ಎಂದರು. ನಾನು ಆಳುಗಳಿಗೆ ಏನೋ ಹೇಳುವವನಂತೆ ಆಚೆ ತಿರುಗಿದೆ.

ಮೂರು ಮಾಳಿಗೆ ಎದ್ದಿತು. ನನಗೆ ಹೆಸರೂ ಬಂತು. ಅದನ್ನು ಕಂಡು ಬಡಾವಣೆಯ ಇನ್ನು ನಾಲ್ಕು ಮನೆಗಳವರು ತಾವೂ ಕೆಡವಿಸಿದರು. ಎರಡನ್ನು ನಾನೇ ಕೆಡವಿದೆ. ಟೀಚರಿಗೆ ಹೋಂಸ್ಟೇಯ ಹಿಂಬದಿಯಲ್ಲೊಂದು ಕೋಣೆ ಸಿಕ್ಕಿತು. ಒಮ್ಮೆ ಹೇಳಿಯೇ ಬಿಡಬೇಕೆಂದು ಅಲ್ಲಿಗೆ ಹೋದೆ. ಕಾಫಿ ಕೊಟ್ಟರು. ಲೋಟ ಖಾಲಿಯಾಯಿತು.

“ಏನಾದ್ರೂ ಹೇಳ್ಲಿಕ್ಕೆ ಬಂದ್ಯಾ?”

“ಟೈಲ್ಸ್ ಜಾರ್ತದಾ ಅಂತ ನೋಡಿ ಹೋಗುವ ಅಂತ ಬಂದೆ ಟೀಚರೇ.”

“ಜಾರ್ತದೆ” ಎಂದರು, ಅಷ್ಟೇ.

ಮುಂದಿನ ವರ್ಷ ಅವರು ತೀರಿಕೊಂಡರು... ನಾನು ಸುಂಟಿಕೊಪ್ಪದಲ್ಲಿ ಕೆಲಸದಲ್ಲಿದ್ದೆ. ಅರ್ಧ ದಿನ ರಜೆ ಹಾಕಬಹುದಿತ್ತು. ಹಾಕಲಿಲ್ಲ.

ಕಳೆದ ತಿಂಗಳು ನನ್ನನ್ನು ಕರೆಸಿದ್ದು ಒಂದು ಎಳೆಯ ಜೋಡಿ. ಆರರಲ್ಲಿ ಉಳಿದ ಒಂದೇ ಮನೆಯನ್ನು, ಟೀಚರು ಕೂತಿರುತ್ತಿದ್ದ ಆ ಎದುರು ಮನೆಯನ್ನು, ಕೊಂಡವರು. ಹೇಗಿದೆಯೋ ಹಾಗೆಯೇ ಉಳಿಸಿಕೊಳ್ಳಬೇಕಂತೆ. ಮೂಲೆಯ ಕಿಟಕಿಯನ್ನು ನೋಡಲೆಂದೇ ಜನ ಬರುತ್ತಾರಂತೆ. ಇಡೀ ಮನೆ ತಟ್ಟಿದೆ. ಎರಡು ಕಡೆ ಡಬ್, ಉಳಿದೆಲ್ಲ ಕಣ್. ಆ ಎರಡು ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಷ್ಟನ್ನೇ ಬಿಚ್ಚಿ ಸರಿಮಾಡಿಸಿ ಎಂದೆ. ಮಳೆ ಹಿಡಿಯುವ ಮೊದಲು ಪೈಪಿನ ಬಾಯಿಯ ಎಲೆ ತೆಗೆಯುವುದನ್ನು ಮರೆಯಬೇಡಿ ಎಂದು ಎರಡು ಸಲ ಹೇಳಿದೆ.

ಹೊರಡುವಾಗ ಆ ಹುಡುಗಿ ರಸ್ತೆಯಾಚೆಗೆ ಕೈ ತೋರಿಸಿ, “ಅಂಕಲ್, ಅಲ್ಲೂ ಇಂಥದ್ದೇ ಮನೆ ಇತ್ತಂತಲ್ಲ, ಮಧ್ಯದಲ್ಲಿ ಮರ ಇದ್ದದ್ದು. ಅದನ್ನು ಯಾಕೆ ಕೆಡವಿದ್ರು?” ಎಂದು ಕೇಳಿದಳು.

“ತಾರಸಿ ಟೊಳ್ಳಾಗಿತ್ತಂತೆ” ಎಂದೆ.

ಮನೆಗೆ ಬಂದು ಸುತ್ತಿಗೆಯನ್ನು ಪೆಟ್ಟಿಗೆಯಲ್ಲಿಡಲು ಹೋದವನಿಗೆ ಕೈ ಬರಲಿಲ್ಲ. ಈ ವಯಸ್ಸಿನಲ್ಲೂ, ಲೆಕ್ಕ ಕೇಳುವವರು ತೀರಿಕೊಂಡ ಮೇಲೂ, ಅದೇ ಸುಳ್ಳು ಬಾಯಿಗೆ ತಾನಾಗಿ ಬಂದಿತ್ತು. ಅದಕ್ಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಆ ತಾರಸಿ ಗಟ್ಟಿಯಿತ್ತು. ನನಗೆ ಕೇಳಿಸಿತ್ತು. ಸರಿಯಾಗಿ ಕೇಳಿಸಿಕೊಂಡ ಇನ್ನೊಬ್ಬರು, ನಾನು ಯಾರ ಕ್ಷಮೆ ಕೇಳದೆ ಉಳಿದೆನೋ ಅವರು, ನನ್ನ ಡ್ರಾಯಿಂಗ್ ಟೀಚರು.