ಅಕ್ಕನ ರಕ್ತದಲ್ಲಿ ಸಿಕ್ಕ ಗರಮಿ

ನಮ್ಮ ಕಡೆ ಗರಮಿ ಅಂದರೆ ಎರಡರ್ಥ. ಒಂದು ಮೈಯ ಕಾವು, ಮಜ್ಜಿಗೆ ಕುಡಿದರೆ ಇಳಿಯುವಂಥದ್ದು. ಇನ್ನೊಂದು ಸೂಳೆಯರ ಮನೆಗೆ ಹೋದವರು ಹೊತ್ತು ತರುವ ರೋಗ. ಅವ್ವನಿಗೆ ಮೊದಲನೆಯದಷ್ಟೇ ಗೊತ್ತಿತ್ತು. ಅವಳ ಆ ಮುಗ್ಧತನದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಐವತ್ತರ ದಶಕದ ಕೊನೆಯ ಮಾತು. ಮನಗೂಳಿಗೆ ಕೊಟ್ಟಿದ್ದ ಅಕ್ಕ ಪಂಚಮಿಗೆಂದು ಅಗರಖೇಡದ ತವರಿಗೆ ಬಂದವಳು ಹಾಸಿಗೆ ಹಿಡಿದಳು. ಬೆರಳ ಗೆಣ್ಣು ಬಾತು ರೊಟ್ಟಿ ಬಡಿಯಲಾಗುತ್ತಿರಲಿಲ್ಲ. ಬಾಯೊಳಗೆ ಹುಣ್ಣು, ಬಿಡದ ಜ್ವರ. ಬಿಸಿಲಿಗೆ ಹೋದರೆ ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಕೆಂಪು ಹರಡುತ್ತಿತ್ತು. ಅಪ್ಪ, ಅವ್ವ ಅವಳನ್ನು ವಿಜಾಪುರದ ದವಾಖಾನೆಗೆ ಕರೆದೊಯ್ದರು. ರಕ್ತ ಪರೀಕ್ಷೆಯಾದ ಮೇಲೆ ಕಂಪೌಂಡರ್ ಅವ್ವನನ್ನು ಬದಿಗೆ ಕರೆದು, ಮಗಳ ರಕ್ತದಲ್ಲಿ ಗರಮಿ ಇದೆ ಎಂದ.

ಅವ್ವ ನಿರಾಳವಾದಳು. ಕಾವು ತಾನೆ! ಮಜ್ಜಿಗೆ ಕುಡಿಸಿದಳು, ಕಾಮಕಸ್ತೂರಿ ಬೀಜ ನೆನೆಸಿ ಕುಡಿಸಿದಳು. ಬಾವಿಕಟ್ಟೆಯಲ್ಲಿ ಕೇಳಿದವರಿಗೆಲ್ಲ ಮಗಳಿಗೆ ಗರಮಿಯಾಗಿದೆ ಎಂದು ತಾನೇ ಹೇಳಿಕೊಂಡು ಬಂದಳು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಊರ ಬಾಯಿ ಮುಚ್ಚುವವರು ಯಾರು? ಮಾತು ಮನಗೂಳಿ ಮುಟ್ಟಿತು.

ಅಕ್ಕನ ಗಂಡ ಮೊದಲು ತನ್ನ ರಕ್ತ ತೋರಿಸಿಕೊಂಡ. ಅದರಲ್ಲಿ ಏನೂ ಇರಲಿಲ್ಲ. ಹಾಗಾದರೆ ಕೆಟ್ಟವಳು ಹೆಂಡತಿಯೇ ಎಂದು ಅವನಿಗೆ ಖಾತ್ರಿಯಾಯಿತು. ಮಟಮಟ ಮಧ್ಯಾಹ್ನ ಬಂದವನು, ಪಡಸಾಲೆಯಲ್ಲಿ ಮಲಗಿದ್ದ ಅಕ್ಕನನ್ನು ಕೂದಲು ಹಿಡಿದು ಎಳೆದ. ರೋಗಕ್ಕೆ ಸಡಿಲಾಗಿದ್ದ ಕೂದಲು ಹಿಡಿಗಟ್ಟಲೆ ಅವನ ಕೈಗೇ ಬಂತು. ಆದರೂ ಅವನು ನಿಲ್ಲಲಿಲ್ಲ.

"ಯಾವನ ಕೂಡ ಮಲಗಿದ್ದಿ, ಹೇಳು" ಎನ್ನುತ್ತ ಎದೆಗೆ ಒದ್ದ. ಬಾತ ಬೆರಳುಗಳನ್ನು ಕಾಲ್ಮರಿ ಮೆಟ್ಟಿದ ಕಾಲಿನಿಂದ ತುಳಿದ. ಅವಳ ಕೆನ್ನೆಯಲ್ಲಿ ರೋಗದ ಕೆಂಪು ಯಾವುದು, ಏಟಿನ ಕೆಂಪು ಯಾವುದು ತಿಳಿಯದಾಯಿತು. ನಾನು ಅವನ ತೋಳಿಗೆ ಹಲ್ಲು ಊರಿದೆ, ಬಾಯಿಗೆ ರಕ್ತ ಬಂದರೂ ಬಿಡಲಿಲ್ಲ. ಹೊಲದಿಂದ ಓಡಿಬಂದ ಅಪ್ಪ ಎತ್ತು ಹೊಡೆಯುವ ಬಾರಕೋಲಿನಿಂದ ಅವನ ಬೆನ್ನು ಸುಲಿದು ಹೊರಗೆ ದೂಡಿದ.

ಅದಾದ ಮೇಲೆ ಅಕ್ಕನ ಮುಖ, ಕಾಲು ಬಾತವು. ಅವಳನ್ನು ರೈಲಿನಲ್ಲಿ ಸೊಲ್ಲಾಪುರಕ್ಕೆ ಒಯ್ದೆವು. ಅಲ್ಲಿನ ವಯಸ್ಸಾದ ಡಾಕ್ಟರು ಕೆನ್ನೆ, ಗೆಣ್ಣು, ಬಾಯಿ ಎಲ್ಲ ನೋಡಿ, ಉಚ್ಚೆಯನ್ನು ಕಾಸಿ ಪರೀಕ್ಷಿಸಿದರು. ಅಕ್ಕನ ರಕ್ತವನ್ನು ಒಂದಿಷ್ಟು ಹೊತ್ತು ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಿಳಿ ಕಣಗಳು ಬೇರೆ ಕಣಗಳ ತಿರುಳನ್ನೇ ನುಂಗಿ ಕೂತಿದ್ದವಂತೆ. ರೋಗದ ಹೆಸರು ಲೂಪಸ್ ಎಂದರು. ಈ ರೋಗವಿದ್ದವರಲ್ಲಿ ಗರಮಿಯ ಪರೀಕ್ಷೆ ಕೆಲವು ಸಲ ಸುಳ್ಳು ಹೇಳುತ್ತದೆ, ಹುಡುಗಿಗೆ ಗರಮಿ ಇಲ್ಲ ಎಂದರು. ಅಪ್ಪ ಗೋಡೆಗೆ ಮುಖ ಮಾಡಿ ಅತ್ತ. ಹಾಗಾದರೆ ಇದು ಎಲ್ಲಿಂದ ಬಂತು ಎಂದು ಅವ್ವ ಕೇಳಿದಳು.

"ಹೊರಗಿಂದ ಬಂದಿಲ್ಲವ್ವಾ. ಬೇಲಿನ ಎದ್ದು ಹೊಲಾ ಮೇಯಾಕತ್ತೈತಿ" ಎಂದರು ಡಾಕ್ಟರು. ಮೈಯನ್ನು ಕಾಯಬೇಕಾದ ರಕ್ತ ತನ್ನವರ ಗುರುತು ಮರೆತು ಕೀಲು, ಚರ್ಮ, ಮೂತ್ರಪಿಂಡವನ್ನೇ ಬಡಿಯುತ್ತಿದೆಯಂತೆ. ಗುಳಿಗೆ ಕೊಟ್ಟರು. ಬಿಸಿಲಿಗೆ ಹೋಗಬೇಡವೆಂದರು. ಪೂರ್ತಿ ವಾಸಿಯಾಗುತ್ತದೆಂದು ಮಾತ್ರ ಹೇಳಲಿಲ್ಲ.

ಸುದ್ದಿ ತಿಳಿದು ಅಕ್ಕನ ಗಂಡ ಹಿರಿಯರನ್ನು ಕರೆದುಕೊಂಡು, ಸೀರೆ ಕುಬಸ ಹಿಡಿದು ಅವಳನ್ನು ಕರೆದೊಯ್ಯಲು ಬಂದ. ಸುಳ್ಳು ಹೇಳಿದ್ದು ಪರೀಕ್ಷೆ, ತನ್ನದೇನು ತಪ್ಪು ಎಂದು ಕೇಳಿದ. ಹಿರಿಯರು ಹೌದೆಂದರು. ಅಪ್ಪನೂ ಹೂಂಗುಟ್ಟಿದ. ಮಗಳು ಗಂಡನ ಮನೆಗೆ ಹೋದರೆ ಸಾಕೆಂದು ಅವನಿಗೂ ಅನಿಸಿರಬೇಕು. ಆಗ ಒಳಗಿನಿಂದ ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದು ಗಂಡನ ಎದುರು ನಿಂತಳು.

"ನನ್ನ ರಕ್ತಕ್ಕ ನನ್ನ ಗುರುತು ಸಿಗವಲ್ದು, ಅದಕ್ಕ ಬಡಿತೈತಿ" ಎಂದಳು. "ನಿಮಗ ಸಿಕ್ಕಿತ್ತಲ್ರಿ."