ಕಿಟಕಿಯಿಂದ ಹುಯ್ದ ನೀರು

ಅವತ್ತು ಬೆಳಿಗ್ಗೆಯೂ ಗಂಗಲಕ್ಷ್ಮಿ ನೀರಿಗಾಗಿ ಜಗಳ ಆಡಿದಳು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದಿದ್ದರು. ಹೆಣ್ಣು ಮಗು. ನೀರು ಕುಡಿ, ಎದ್ದು ಓಡಾಡು ಎಂದು ನರ್ಸಮ್ಮ ಹೇಳಿ ಹೋಗಿದ್ದಳು. ತಾಯಿ ಪಾತಮ್ಮ ಚೊಂಬನ್ನು ಮಂಚದ ಕೆಳಗೆ ತಳ್ಳಿ ಕಾವಲು ಕೂತಿದ್ದಳು.

"ಅವ್ವ, ಒಂದು ಗುಟುಕು."

"ಹಸಿ ಬಾಣಂತಿಗೆ ನೀರು ಕುಡಿಸಿದ್ರೆ ಹೊಲಿಗೆ ಕೀವಾಗ್ತೈತೆ. ನಿಮ್ಮಕ್ಕನ ಬಾಣಂತನ ಮಾಡಿದೋಳು ನಾನೇ. ಸತ್ಲಾ ಅವಳು?"

"ಅವಳ ಹೊಟ್ಟೆ ಕೊಯ್ದಿರಲಿಲ್ಲ."

"ಬಾಯಿ ಮುಚ್ಕಂಡು ಮಲಿಕ್ಕ. ಬಾಯಿ ತೆರೆದ್ರೆ ಗಾಳಿ ಹೋಗ್ತೈತೆ."

ಪಾತಮ್ಮ ಬಟ್ಟೆ ಒಗೆಯಲು ಹೋದಾಗ ಕಿಟಕಿಯ ಹೊರಗೆ ಕೆಮ್ಮು ಕೇಳಿಸಿತು. ಗಂಡ ಜುಂಜಣ್ಣ. ಸೂತಕ ಕಳೆಯುವ ತನಕ ಅವರ ಹಟ್ಟಿಯ ಗಂಡಸು ಬಾಣಂತಿಯನ್ನೂ ಮಗುವನ್ನೂ ಮುಟ್ಟುವಂತಿಲ್ಲ. ಅವನು ವಾರ್ಡಿನ ಬಾಗಿಲು ದಾಟಿರಲಿಲ್ಲ. ಹೆಗಲಲ್ಲಿ ಕುರಿ ಕಾಯುವಾಗ ಒಯ್ಯುವ ನೀರಿನ ಕ್ಯಾನು. ಮುಚ್ಚಳ ಎಂದೋ ಕಳೆದಿತ್ತು, ಬಟ್ಟೆ ಸುತ್ತಿ ಬಿರಡೆ ಮಾಡಿದ್ದ.

ಅವಳು ಹೊಟ್ಟೆ ಹಿಡಿದು, ಗೋಡೆ ಹಿಡಿದು ಕಿಟಕಿಗೆ ಹೋದಳು. ಅವನು ಕಂಬಿಗಳ ನಡುವೆ ಕ್ಯಾನಿನ ಬಾಯಿ ತೂರಿಸಿ, ಅವಳ ಕೈಗೆ ತಾಗದಂತೆ ಹುಯ್ದ. ಬೊಗಸೆ ಒಡ್ಡಿ ಕುಡಿದಳು. ಮೊಣಕೈವರೆಗೂ ಸೋರಿತು.

"ಕರು ಕುಡ್ದಂಗೆ ಕುಡೀತಾಳೆ ನೋಡು" ಎಂದು ಪಕ್ಕದ ಮಂಚದ ಬಾಣಂತಿ ರಜಿಯಾ ಬೇಗಂ ನಕ್ಕಳು.

"ಒಳಗೆ ಬಾ. ಮಗೀನ ಎತ್ಕ" ಎಂದಳು ಗಂಗಲಕ್ಷ್ಮಿ.

"ಸೂತಕ ಕಳೀಲಿ ಗಂಗಿ. ಎಲ್ಲೋಗ್ತಾಳೆ ನಿನ್ನ ಮಗಳು?"

"ದೇವ್ರಿಗೆ ಇಷ್ಟು ಹೆದರೋನು ಹೆಂಡ್ತಿ ಯಾಕೆ ಮಾಡ್ಕಂಡೆ?"

"ನಿಮ್ಮವ್ವಂಗೂ ಹೆದರ್ತೀನಿ. ಬಂದ್ಲು ನೋಡು." ಬಿರಡೆ ತುರುಕಿ ನಗುತ್ತಾ ಹೊರಟ. "ನಾಳೆ ಬರ್ತೀನಿ."

ಬರಲಿಲ್ಲ. ಮರುದಿನವೂ ಇಲ್ಲ. ಹಟ್ಟಿಯಲ್ಲಿ ಫೋನ್ ಇರಲಿಲ್ಲ, ಕೇಳುವುದು ಯಾರನ್ನು? ಗಂಗಲಕ್ಷ್ಮಿ ಕಿಟಕಿಯಲ್ಲಿ ನಿಂತು ಬೈದಳು. ಕುರಿ ಹೆಚ್ಚಾದವು, ಹೆಂಡತಿ ಬೇಡವಾದಳು ಎಂದಳು. ಹೆಣ್ಣು ಹುಟ್ಟಿತೆಂದು ಮುಖ ತಿರುವಿದ ಎಂದಳು. ಅವನ ಕಾಲು ಮುರಿಯಲಿ ಎಂದಳು. ರಜಿಯಾ ನಗಲಿಲ್ಲ, ಗೋಡೆ ಕಡೆ ಹೊರಳಿದಳು. ಪಾತಮ್ಮ ಸುಮ್ಮನಿರು ಅನ್ನಲಿಲ್ಲ.

ಎದ್ದು ಹೋದ ಪಾತಮ್ಮ ನಲ್ಲಿಯಿಂದ ಚೊಂಬು ತುಂಬಿಸಿಕೊಂಡು ಬಂದಳು. ತಣ್ಣೀರು. ಮಗಳ ಬಾಯಿಗೆ ಹಿಡಿದಳು.

"ಕುಡಿ."

"ಈಗ ಕೀವಾಗಲ್ವಾ?"

"ಕುಡಿಯೇ ನನ್ನವ್ವ."

ಚೊಂಬು ವಾಲಿಸಿದ ರಭಸಕ್ಕೆ ನೀರು ಸೀರೆ ಮೇಲೆ ಚೆಲ್ಲಿತು. ಅವ್ವ ತಾನಾಗಿ ನೀರು ಕೊಟ್ಟಿದ್ದು ನೋಡಿಯೇ ಗಂಗಲಕ್ಷ್ಮಿಗೆ ಗೊತ್ತಾಯಿತು.

"ಏನಾತು ಅವನಿಗೆ?"

ತಳಕು ಊರಿನ ಹತ್ತಿರ ಕುರಿಗಳನ್ನು ರಸ್ತೆ ದಾಟಿಸುವಾಗ ಅವನಿಗೆ ಲಾರಿ ಹೊಡೆದಿತ್ತು. ಮಣ್ಣೂ ಆಗಿತ್ತು. ಅತ್ತರೆ ಹೊಲಿಗೆ ಬಿಚ್ಚುತ್ತದೆಂದು ಹಟ್ಟಿಯಿಂದ ಸುದ್ದಿ ತಂದವರೂ ಪಾತಮ್ಮನೂ ಎಲ್ಲರೂ ಕೂಡಿ ಮುಚ್ಚಿಟ್ಟಿದ್ದರು.

"ನಾನು ಬೈತಿದ್ದೆ. ನೀನು ಕೇಳ್ಕಂಡು ಕೂತಿದ್ದೆ."

ಗಂಗಲಕ್ಷ್ಮಿ ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು ಅತ್ತಳು. ಹೊಲಿಗೆ ಬಿಚ್ಚಲಿಲ್ಲ.

ಈಗ ಕುರಿ ಹಿಂದೆ ಅವಳೇ ಹೋಗುತ್ತಾಳೆ. ಮಗಳು ಶಾಲೆಗೆ ಹೋಗುತ್ತಾಳೆ. ಮುಚ್ಚಳ ಇರುವ ಕ್ಯಾನು ತರೋಣ ಎಂದು ಮಗಳು ಎಷ್ಟೋ ಸಲ ಹೇಳಿದ್ದಾಳೆ. ಗಂಗಲಕ್ಷ್ಮಿ ಬೆಳಿಗ್ಗೆ ಎದ್ದು ಜುಂಜಣ್ಣನ ಅದೇ ಕ್ಯಾನು ತೊಳೆದು ನೀರು ತುಂಬುತ್ತಾಳೆ. ಮಗಳನ್ನು ಕರೆದು ಬೊಗಸೆ ಒಡ್ಡಿಸಿ ಮೊದಲ ನೀರು ಹುಯ್ಯುತ್ತಾಳೆ. ಆಮೇಲೆ ಹಳೇ ಬಟ್ಟೆ ಹರಿದು, ಬಿಗಿಯಾಗಿ ಸುತ್ತಿ, ಬಿರಡೆ ಹಾಕುತ್ತಾಳೆ.