ಮೊದಲು ಏಳಬೇಕಾದವನು

ವೋಲ್ಗಾ ನದಿಯ ದಡದ ಕೊಸ್ತ್ರೊಮಾ ಊರಿನ ಔಷಧಿ ಅಂಗಡಿಯ ಲವ್ರೆಂತಿ ಕುಜ್ಮಿಚ್ ಹುಟ್ಟಿದ್ದೇ ನಡುವಿನ ದನಿಗೆ. ಚಿಕ್ಕವನಿದ್ದಾಗ ಚರ್ಚಿನ ಮೇಳದಲ್ಲಿ ಅವನನ್ನು ಮೇಲಿನ ದನಿಯವರಿಗೂ ಕೆಳಗಿನ ದನಿಯವರಿಗೂ ನಡುವೆ ನಿಲ್ಲಿಸಿದ್ದರು. ದೊಡ್ಡವನಾದ ಮೇಲೆ ಕೈಗೆ ಬಂದದ್ದು ವಿಯೋಲಾ. ಪಿಟೀಲಿಗಿಂತ ತುಸು ದೊಡ್ಡದು, ನೆಗಡಿಯಾದವರಂಥ ದನಿಯದು. ಕಚೇರಿ ಕೇಳಿ ಮನೆಗೆ ಹೋಗುವವರು ಅದರ ಪಾಲನ್ನು ಗುನುಗಿದ್ದನ್ನು ಯಾರೂ ಕಂಡಿಲ್ಲ. ಅದಕ್ಕಾಗಿ ಅವನು ಬೇಸರಪಟ್ಟವನೂ ಅಲ್ಲ.

ಗುರುವಾರ ಗುರುವಾರ ಅವನ ಮನೆಯಲ್ಲಿ ನಾಲ್ವರು ಸೇರುತ್ತಿದ್ದರು. ಮೊದಲ ಪಿಟೀಲು ಡಾಕ್ಟರದು, ಎರಡನೆಯದು ಶಾಲೆಯ ಎಳೆ ಮೇಷ್ಟ್ರು ಪ್ಲತೋನನದು, ತಗ್ಗು ದನಿಯ ದೊಡ್ಡ ವಾದ್ಯ ಚೆಲ್ಲೊ ಅರಣ್ಯಾಧಿಕಾರಿಯದು. ಹೆಂಡತಿ ಗ್ಲಫೀರಾ ನೀರು ಕಾಯಿಸುವ ಸಮೋವಾರ್ ಹಚ್ಚಿ, ಚಹಾದ ಜೊತೆಗೆ ಚೆರ್ರಿ ಮುರಬ್ಬ ಇಟ್ಟು, ಮೂಲೆಯಲ್ಲಿ ಹೆಣಿಗೆ ಹಿಡಿದು ಕೂತರೆ ಸ್ವಲ್ಪ ಹೊತ್ತಿಗೇ ತೂಕಡಿಸುತ್ತಿದ್ದಳು.

"ನಿಮ್ಮ ವಿಯೋಲಾಕ್ಕೂ ಅಂಗಡಿಯ ನಿದ್ದೆಮದ್ದಿನ ವಾಸನೆ ಹತ್ಬಿಟ್ಟಿದೆ, ಲವ್ರೆಂತಿ ಕುಜ್ಮಿಚ್," ಎಂದು ಪ್ಲತೋನ ಕಿಚಾಯಿಸುತ್ತಿದ್ದ.

"ಮತ್ತೆ ನೀನ್ಯಾಕೆ ಇನ್ನೂ ಎಚ್ಚರವಾಗಿದೀಯ? ನಿನಗೆ ಒಂದು ಚಮಚ ಜಾಸ್ತಿನೇ ಬೇಕು ಕಣಯ್ಯಾ."

ಮಕ್ಕಳಿಲ್ಲದ ಲವ್ರೆಂತಿಗೆ ಈ ಹುಡುಗನೆಂದರೆ ಪ್ರಾಣ. ಅವನು ದೂರದ ಇರ್ಕೂತ್ಸ್ಕ್‌ಗೆ ತಾನಾಗಿಯೇ ವರ್ಗ ಕೇಳಿಕೊಂಡಿದ್ದಾನೆಂದು ಗೊತ್ತಾದಾಗ ಮುದುಕ ಮುಖ ಗಂಟಿಕ್ಕಿದವನು ಸಡಿಲಿಸಲೇ ಇಲ್ಲ. ಹುಡುಗ ಮಾತಿಗೆಳೆದರೆ ವಿಯೋಲಾದ ಬಿಲ್ಲಿಗೆ ರಾಳ ತಿಕ್ಕುತ್ತ ಕೂತುಬಿಡುತ್ತಿದ್ದ. ಉಳಿದಿದ್ದ ಗುರುವಾರಗಳೆಲ್ಲ ಹೀಗೇ ಹಾಳಾದವು.

ಕೊನೆಯ ಗುರುವಾರ ಪ್ಲತೋನ ನಾಲ್ವರು ನುಡಿಸಲೆಂದು ತಾನೇ ಬರೆದ ಕ್ವಾರ್ಟೆಟ್ ತಂದ. ಅವನ ಸಾಮಾನು ಹೊತ್ತ ಜಾರುಬಂಡಿ ಹೊರಗೆ ಹಿಮದಲ್ಲಿ ಕಾಯುತ್ತಿತ್ತು. ಡಾಕ್ಟರು ತಮ್ಮ ಹಾಳೆ ನೋಡಿ ಹುಬ್ಬೇರಿಸಿದರು, ಅವರಿಗೆ ಮೆರೆಯಲು ಅದರಲ್ಲಿ ಏನೂ ಇರಲಿಲ್ಲ. ನಾಲ್ಕೂ ವಾದ್ಯಗಳು ಚರ್ಚಿನ ಮೇಳದವರ ಹಾಗೆ ಒಬ್ಬರನ್ನೊಬ್ಬರು ದಾಟದೆ ಮೆಲ್ಲಗೆ ಸಾಗುತ್ತಿದ್ದವು. ನಿಧಾನದ ಭಾಗ ಬಂದಾಗ ದನಿ ತಗ್ಗಿಸುವ ಪುಟ್ಟ ಮರದ ತುಂಡನ್ನು ತಂತಿಗಳಿಗೆ ಸಿಕ್ಕಿಸಿದರು. ವೋಲ್ಗಾದ ಮೇಲೆ ಮಂಜು ಕವಿದಾಗ ಆಚೆ ದಡದ ಗಂಟೆ ಕೇಳುವಂತೆ ಚೆಲ್ಲೊ ಎಲ್ಲೋ ದೂರದಲ್ಲಿ ಮಿಡಿಯಿತು. ಆ ಮಂಜಿನೊಳಗಿಂದ ಒಂದು ಹಾಡು ತೇಲಿ ಬಂತು, ಬಂದದ್ದು ವಿಯೋಲಾದಿಂದ. ಎರಡೂ ಪಿಟೀಲುಗಳು ಅದನ್ನು ಎಬ್ಬಿಸಬಾರದೆಂಬಂತೆ ಮೇಲೆ ನವಿರಾಗಿ ನಡುಗುತ್ತ ನಿಂತವು. ಲವ್ರೆಂತಿಗೆ ತಾನು ನುಡಿಸುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ತಿಳಿಯಲಿಲ್ಲ. ಗ್ಲಫೀರಾ ಅಂದು ತೂಕಡಿಸಲಿಲ್ಲ.

ಹಾಡು ಮುಗಿದಲ್ಲಿ ನಾಲ್ವರಿಗೂ ಮೌನ ಬರೆದಿತ್ತು. ಎಷ್ಟು ಹೊತ್ತೆಂದು ಬರೆದಿರಲಿಲ್ಲ. ಆಮೇಲಿನದು ಚುರುಕಾದ ಕೊನೆಯ ಭಾಗ, ಅದನ್ನು ವಿಯೋಲಾ ಒಂದೇ ಶುರುಮಾಡಬೇಕು.

ಲವ್ರೆಂತಿಗೆ ಥಟ್ಟನೆ ಹೊಳೆಯಿತು. ಆ ಸೀಮೆಯ ವಾಡಿಕೆಯಂತೆ ದೂರ ಪಯಣಕ್ಕೆ ಹೊರಡುವ ಮುನ್ನ ಮನೆಮಂದಿಯೆಲ್ಲ ಒಂದು ಗಳಿಗೆ ಸುಮ್ಮನೆ ಕೂರುತ್ತಾರೆ. ಮೊದಲು ಏಳಬೇಕಾದವರು ಹಿರಿಯರು. ಅವರು ಏಳುವ ತನಕ ಯಾರೂ ಬಾಗಿಲ ಕಡೆ ಹೋಗುವಂತಿಲ್ಲ. ಹುಡುಗ ಅದನ್ನೇ ಬರೆದಿದ್ದ. ಲವ್ರೆಂತಿ ಬಿಲ್ಲನ್ನು ತೊಡೆಯ ಮೇಲಿಟ್ಟು ಕೂತೇಬಿಟ್ಟ.

ಸಮೋವಾರ್ ಗುಂಯ್‌ಗುಡುವುದನ್ನು ನಿಲ್ಲಿಸಿತು. ಡಾಕ್ಟರು ಕೆಮ್ಮಿದರು.

"ಹಾಳೆಯಲ್ಲಿ ಎಲ್ಲಿದೀವಿ ಅನ್ನೋದು ತಪ್ಪಿಹೋಯ್ತಾ?" ಅರಣ್ಯಾಧಿಕಾರಿ ಪಿಸುಗುಟ್ಟಿದರು.

"ಇಲ್ಲೇ ಇದೀವಿ," ಅಂದ ಲವ್ರೆಂತಿ. "ಎಲ್ಲರೂ ಇಲ್ಲೇ ಇದೀವಿ."

ಪ್ಲತೋನ ಪಿಟೀಲನ್ನು ಮಡಿಲಿಗಿಳಿಸಿದ. "ನೀವು ಏಳದೆ ನಾನು ಹೇಗೆ ಹೋಗ್ಲಿ, ಲವ್ರೆಂತಿ ಕುಜ್ಮಿಚ್? ಮುನಿಸಿಕೊಂಡು ಕಳಿಸ್ಬೇಡಿ."

"ಇಷ್ಟು ಚೆನ್ನಾಗಿರೋದನ್ನ ಬರೆದ್ಬಿಟ್ಟು ಹೋಗ್ತೀನಿ ಅಂತೀಯಲ್ಲೋ, ನಾಚಿಕೆಗೆಟ್ಟವನೆ."

"ಏಳು, ಲವ್ರೂಶಾ," ಮೂಲೆಯಿಂದ ಗ್ಲಫೀರಾ ಅಂದಳು. "ಬೆಳಕಿರೋವಾಗ್ಲೇ ಮಗು ದಾರಿ ಹಿಡೀಲಿ."

ವಿಯೋಲಾ ಹಿಡಿದ ಅಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ನಿಂತು ನುಡಿಸಿದವನಲ್ಲ. ಆ ದಿನ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತ, ಹುಡುಗನ ಮುಖ ಒಮ್ಮೆ ನೋಡಿದ, ಮತ್ತೆ ಬಿಲ್ಲು ಎಳೆದ.